ಕಾರಣಿಕದ ನುಡಿ, ದೂರುದಾರನ ಹೆಸರು

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಸಂದರ್ಭದಲ್ಲಿ ಮಾಲತೇಶನ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾರೆ. ‘ಸದ್ದಲೇ’ ಎಂದೊಡನೆ ನೆರೆದ ಜನಸ್ತೋಮ ಸ್ತಬ್ಧವಾಗುತ್ತದೆ. ಒಂದು ಸಾಲು ನುಡಿದು ಅವರು ಮೇಲಿನಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಇದನ್ನು ನಾವು ಭವಿಷ್ಯವಾಣಿಯ ನೆಲೆಯಲ್ಲಿ ಮಾತ್ರ ನೋಡುತ್ತ ಬಂದಿದ್ದೇವೆ. ನುಡಿಯುವವರನ್ನು ಸಮುದಾಯ ಹೇಗೆ ಕಾಯುತ್ತದೆ ಎಂಬ ಪ್ರಶ್ನೆಯೂ ಇಲ್ಲಿದೆ. ಮಾತು ದೇವರದು, ಅದು ಯಾರ ಹೆಸರನ್ನೂ ಹೇಳುವುದಿಲ್ಲ, ಅರ್ಥೈಸುವ ಹೊಣೆ ಕೇಳಿದವರದು. ಈ ಮೂರರಿಂದಾಗಿ ಕಾರಣಿಕ ನಿರ್ಭಯವಾದ ಮಾತಾಗಿದೆ.

ಕಚೇರಿಯೊಳಗಿನ ಅಕ್ರಮವನ್ನು ಹೊರಗೆಡಹುವ ನೌಕರನಿಗೆ ಈ ಯಾವ ಆಸರೆಯೂ ಇಲ್ಲ. ಅವನು ಇಂಥವರು ಇಷ್ಟು ತಿಂದರೆಂದು ಹೇಳಬೇಕು. ತನ್ನ ಹೆಸರಿನಲ್ಲಿಯೇ ಹೇಳಬೇಕು. ಭಾಷೆಯೂ ಅವನ ಪರವಾಗಿಲ್ಲ. ಇಂಗ್ಲಿಷಿನ ‘ವಿಷಲ್ ಬ್ಲೋವರ್’ಗೆ ಸಂವಾದಿಯಾಗಿ ನಾವು ಬಳಸುವ ‘ಮಾಹಿತಿದಾರ’ ಪೊಲೀಸ್ ಠಾಣೆಯ ಪದ. ಆಡುನುಡಿಯಲ್ಲಿ ಸಿಗುವವನು ಚಾಡಿಕೋರ, ಇಲ್ಲವೆ ಉಂಡ ಮನೆಯ ಜಂತೆ ಎಣಿಸುವವ. ಜಂತೆ ಎಣಿಸುವುದೇ ಒಬ್ಬನ ಉದ್ಯೋಗವಾದರೆ?

ಎಸ್.ಪಿ. ಮಹಾಂತೇಶ್ ಅವರ ಉದ್ಯೋಗ ಅದೇ ಆಗಿತ್ತು. ಸಹಕಾರ ಲೆಕ್ಕ ಪರಿಶೋಧನಾ ಇಲಾಖೆಯ ಉಪನಿರ್ದೇಶಕರಾಗಿದ್ದ ಈ ಕೆ.ಎ.ಎಸ್. ಅಧಿಕಾರಿ ಗೃಹ ನಿರ್ಮಾಣ ಸಹಕಾರ ಸಂಘಗಳ ನಿವೇಶನ ಹಂಚಿಕೆಯ ಅಕ್ರಮಗಳನ್ನು ಬಯಲಿಗೆಳೆದಿದ್ದರು. 2012ರ ಮೇ ತಿಂಗಳಲ್ಲಿ ಬೆಂಗಳೂರಿನ ರಸ್ತೆಯಲ್ಲಿ ಅವರ ಮೇಲೆ ಹಲ್ಲೆ ನಡೆಯಿತು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, ಹೆದ್ದಾರಿ ಕಾಮಗಾರಿಯ ಅವ್ಯವಹಾರ ಕುರಿತು ಪ್ರಧಾನಿ ಕಾರ್ಯಾಲಯಕ್ಕೆ ಪತ್ರ ಬರೆದಿದ್ದ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದರು. ಅದು ದರೋಡೆಕೋರರ ಕೃತ್ಯವೆಂದು ತನಿಖೆ ಹೇಳಿತು. ಆದರೆ ಹೆಸರನ್ನು ಗೋಪ್ಯವಾಗಿಡಿ ಎಂದು ಕೋರಿದ್ದ ಆ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸಾಗಿತ್ತೆಂಬುದನ್ನು ಮರೆಯಲಾಗದು.

ದುಬೆ ಅವರ ಕೊಲೆಯ ನಂತರ, 2004ರಲ್ಲಿ, ಇಂತಹ ದೂರುಗಳನ್ನು ಸ್ವೀಕರಿಸುವ ಅಧಿಕಾರವನ್ನು ಕೇಂದ್ರ ಜಾಗೃತ ಆಯೋಗಕ್ಕೆ ಕೊಡುವ ನಿರ್ಣಯ ಹೊರಬಿತ್ತು. ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2014ರಲ್ಲಿ. ಅದು ಇಂದಿಗೂ ಜಾರಿಗೆ ಬಂದಿಲ್ಲ. ಜಾರಿಗೆ ಬರುವ ಮುನ್ನವೇ ಅದನ್ನು ಮೊಟಕುಗೊಳಿಸುವ ತಿದ್ದುಪಡಿ ಮಸೂದೆ 2015ರಲ್ಲಿ ಬಂದಿತೆಂಬುದು ವಿಚಿತ್ರ; 2019ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಅದು ಬಿದ್ದುಹೋಯಿತು.

ಕಾನೂನಿನ ರಕ್ಷಣೆಯಿದ್ದರೆ ಹಗೆಯ ದೂರುಗಳು ಹೆಚ್ಚುತ್ತವೆ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಗೊತ್ತಿದ್ದೂ ಸುಳ್ಳು ದೂರು ಕೊಟ್ಟವನಿಗೆ ಎರಡು ವರ್ಷದವರೆಗಿನ ಸೆರೆ ಅದೇ ಕಾಯ್ದೆಯಲ್ಲಿದೆ. ನನ್ನ ತಕರಾರು ಬೇರೆಡೆಯಿದೆ: ಈ ಕಾಯ್ದೆ ಅನಾಮಧೇಯ ದೂರನ್ನು ಒಪ್ಪುವುದಿಲ್ಲ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯೂ ದೂರಿನೊಂದಿಗೆ ಪ್ರಮಾಣಪತ್ರ ಕೇಳುತ್ತದೆ. ಪ್ರಭುತ್ವ ಮೊದಲು ಹೆಸರನ್ನು ಪಡೆಯುತ್ತದೆ, ರಕ್ಷಣೆಯನ್ನು ಮುಂದಕ್ಕೆ ಹಾಕುತ್ತದೆ. ಕಾಯ್ದೆಯನ್ನು ಜಾರಿಗೊಳಿಸಬೇಕು, ಜೊತೆಗೆ, ದಾಖಲೆಗಳು ತಾವೇ ಮಾತಾಡುವಂತಿದ್ದರೆ ದೂರುದಾರನ ಹೆಸರಿಲ್ಲದೆಯೂ ವಿಚಾರಣೆ ನಡೆಯುವಂತಾಗಬೇಕು.