ತೆರೆಯ ಮೇಲಿನ ಮಾತು, ಮನೆಯೊಳಗಿನ ಮಾತು



ಸಿನಿಮಾ ನೋಡುವುದೆಂದರೆ ಹಿಂದೆ ಅದೊಂದು ಪ್ರಯಾಣವೇ ಆಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳದಂತಹ ಊರುಗಳ ಟಾಕೀಜುಗಳಿಗೆ ಸುತ್ತಲಿನ ಹಳ್ಳಿಗರು ಬಂಡಿ ಕಟ್ಟಿಕೊಂಡು, ರೊಟ್ಟಿಬುತ್ತಿಯ ಗಂಟು ಹಿಡಿದುಕೊಂಡು ಬರುತ್ತಿದ್ದರು. 1980ರ ದಶಕದಲ್ಲಿ ವಿಸಿಪಿ ಬಂದಿತು. ಓಣಿಯವರೆಲ್ಲ ವಂತಿಗೆ ಹಾಕಿ ಬಾಡಿಗೆಗೆ ತಂದು, ಯಾರದಾದರೂ ಅಂಗಳದಲ್ಲಿ ರಾತ್ರಿಯಿಡೀ ಎರಡು ಮೂರು ಚಿತ್ರಗಳನ್ನು ನೋಡಿ, ಬೆಳಗಿನ ಜಾವ ಕಣ್ಣು ತಿಕ್ಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಈಗ ಆ ಶ್ರಮವೂ ಉಳಿದಿಲ್ಲ. ಹಳೆಯ ಚಿತ್ರವಿರಲಿ ಹೊಸ ಚಿತ್ರವಿರಲಿ, ಅಂಗೈ ಅಗಲದ ಮೊಬೈಲಿನಲ್ಲಿ, ಪಡಸಾಲೆಯ ಟಿ.ವಿ.ಯಲ್ಲಿ ತಾನಾಗಿಯೇ ಬಂದು ನಿಲ್ಲುತ್ತದೆ.

ನಾವು ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಸಿನಿಮಾ ನೋಡಲು ಅನುಮತಿ ಇರಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ನಾವು ಬಲ್ಲವರೆಂದು ಹೇಳಿಕೊಳ್ಳುವುದಿಲ್ಲ. ಈಚಿನ ಕೆಲವು ತಿಂಗಳುಗಳಲ್ಲಿ ಮಕ್ಕಳು ಮೊಮ್ಮಕ್ಕಳೊಡನೆ ಕುಳಿತು ನೋಡಿದ ಕೆಲವು ಚಿತ್ರಗಳ ಬಗೆಗೆ ಮನಸ್ಸಿಗೆ ತೋಚಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದನ್ನು ವಿಮರ್ಶೆಯೆಂದು ಯಾರೂ ತಿಳಿಯಬಾರದು. ಇದು ಊಟವಾದ ಮೇಲೆ ಕಟ್ಟೆಯ ಮೇಲೆ ಆಡುವ ಮಾತು.

ಮೊದಲು ನೋಡಿದುದು 1959ರಲ್ಲಿ ತೆರೆಕಂಡ ‘ಜಗಜ್ಯೋತಿ ಬಸವೇಶ್ವರ’. ಟಿ.ವಿ. ಸಿಂಗ್ ಠಾಕೂರ್ ಅವರ ನಿರ್ದೇಶನದ ಈ ಚಿತ್ರದಲ್ಲಿ ಗಾಯಕ ನಟರಾದ ಹೊನ್ನಪ್ಪ ಭಾಗವತರು ಬಸವಣ್ಣನವರಾಗಿ ಕಾಣಿಸಿಕೊಂಡಿದ್ದಾರೆ. ಬಿಜ್ಜಳನ ಪಾತ್ರ ರಾಜಕುಮಾರ್ ಅವರದು. ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂದು ಇದಕ್ಕೆ ರಾಷ್ಟ್ರಪತಿಗಳ ರಜತ ಪದಕ ದೊರೆಯಿತು. ಕಪ್ಪು ಬಿಳುಪಿನ ಚಿತ್ರ; ಇಂದಿನ ಮಕ್ಕಳ ಕಣ್ಣಿಗೆ ಮಸುಕಾಗಿ ಕಾಣಬಹುದು. ಆದರೂ ಭಾಗವತರ ಕಂಠದಲ್ಲಿ ಭಕ್ತಿಯ ತೇವವಿದೆ. ಬಿಜ್ಜಳನ ಗತ್ತು ನೋಡುವಾಗ ರಾಜಕುಮಾರ್ ಅವರು ಎಷ್ಟು ಎಳೆಯ ವಯಸ್ಸಿನಲ್ಲಿಯೇ ಎಂತಹ ಹಿಡಿತ ಸಾಧಿಸಿದ್ದರೆಂಬುದು ತಿಳಿಯುತ್ತದೆ. ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ಚಿತ್ರವೆಂದು ನಿಸ್ಸಂದೇಹವಾಗಿ ಹೇಳುತ್ತೇವೆ.

ಚಿತ್ರದ ನಡುವೆ ನಮ್ಮ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. ಅವಳು ಏಳನೆಯ ಇಯತ್ತೆ ಓದುತ್ತಿದ್ದಾಳೆ.

“ಅಜ್ಜಾ, ಬಸವಣ್ಣೋರು ನಮ್ಮ ಬಾಗೇವಾಡ್ಯಾವ್ರ ಅಲ್ಲೇನು? ಮತ್ತ ಹಿಂಗ್ಯಾಕ ಮಾತಾಡ್ತಾರ?”

“ಹೆಂಗ ಮಾತಾಡಬೇಕಿತ್ತವ್ವಾ?” ಎಂದು ನಾವು ಕೇಳಿದೆವು.

“ನಮ್ಮ ಆಯಿ ಮಾತಾಡಿದಂಗ” ಎಂದಳು.

ಮನೆಯವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಆ ಪ್ರಶ್ನೆಯನ್ನು ನಗುವಿನಲ್ಲಿಯೇ ತೇಲಿಸಿಬಿಡುವುದು ನಮ್ಮಿಂದ ಆಗಲಿಲ್ಲ.

ಮಗುವಿಗೆ ಒಂದು ನ್ಯಾಯವಾದ ಉತ್ತರವಿದೆ. ಹನ್ನೆರಡನೆಯ ಶತಮಾನದ ಬಾಗೇವಾಡಿಯ ಓಣಿಯಲ್ಲಿ ಜನ ಹೇಗೆ ಮಾತನಾಡುತ್ತಿದ್ದರೆಂಬುದನ್ನು ಇಂದು ಯಾರೂ ಕಿವಿಯಾರೆ ಕೇಳಿ ಹೇಳಲಾರರು. ಆ ಕಾಲದ ಮಾತು ಇಂದಿನ ನಮ್ಮ ಮಾತೂ ಅಲ್ಲ, ಬೆಂಗಳೂರಿನ ಮಾತೂ ಅಲ್ಲ. ಮೇಲಾಗಿ ಬೀದರದಿಂದ ಚಾಮರಾಜನಗರದವರೆಗೆ ಎಲ್ಲರಿಗೂ ತಿಳಿಯಬೇಕಾದ ಚಿತ್ರಕ್ಕೆ ಎಲ್ಲರಿಗೂ ಒಪ್ಪುವ ಒಂದು ನುಡಿ ಬೇಕು. ಪೌರಾಣಿಕ, ಐತಿಹಾಸಿಕ ಚಿತ್ರಗಳು ವೃತ್ತಿರಂಗಭೂಮಿಯಿಂದ ಗ್ರಾಂಥಿಕ ಸಂಭಾಷಣೆಯನ್ನು ಬಳುವಳಿಯಾಗಿ ಪಡೆದವು. 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿಯವರು ರಾಣಿಯಾಗಿ ಆಡಿದ ಮಾತೂ ಅದೇ ಧಾಟಿಯದು. ಅದರಲ್ಲಿ ಒಂದು ಗಾಂಭೀರ್ಯವಿದೆ, ಓಘವಿದೆ. ಅದನ್ನು ನಾವು ತಪ್ಪೆನ್ನುವುದಿಲ್ಲ.

ನಮ್ಮ ಆಕ್ಷೇಪ ಬೇರೆಯೇ ಆಗಿದೆ. ಮಹಾಪುರುಷನಿಗೆ ಗ್ರಂಥದ ಭಾಷೆ, ನಾಯಕನಿಗೆ ಪಟ್ಟಣದ ಭಾಷೆ, ನಗೆ ಬರಿಸುವ ಆಳಿಗೆ ಮಾತ್ರ ನಮ್ಮ ಭಾಷೆ ಎಂಬ ಹಂಚಿಕೆ ನಮ್ಮ ಚಿತ್ರಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಯಾವುದೋ ಸಿನಿಮಾದಲ್ಲಿ ಪೆದ್ದನೊಬ್ಬ ಬರಬೇಕು, ಒರಟನೊಬ್ಬ ಬರಬೇಕು, ಪಟ್ಟಣದಲ್ಲಿ ದಾರಿ ತಪ್ಪಿದ ಹಳ್ಳಿಗನೊಬ್ಬ ಬರಬೇಕು ಎಂದರೆ ಅವನ ಬಾಯಿಗೆ ‘ಹೌದ್ರಿ’, ‘ಏನ್ರಿಪಾ’ ಎಂಬ ಮಾತುಗಳನ್ನು ತುರುಕುವುದು ರೂಢಿಯಾಗಿದೆ. ಅದಾದರೂ ಸರಿಯಾಗಿರುತ್ತದೆಯೇ ಎಂದರೆ ಅದೂ ಇಲ್ಲ. ಬೆಳಗಾವಿಯ ಮಾತು, ಧಾರವಾಡದ ಮಾತು, ಕಲಬುರಗಿಯ ಮಾತು, ವಿಜಯಪುರದ ಮಾತು ಎಲ್ಲವನ್ನೂ ಒಂದೇ ಒರಳಿನಲ್ಲಿ ಹಾಕಿ ರುಬ್ಬಿರುತ್ತಾರೆ. ಇಂಡಿಯವನ ಮಾತಿನಲ್ಲಿ ಗಡಿಯಾಚೆಯ ಮರಾಠಿಯ ಲಯ ಸೇರಿರುವುದನ್ನು, ಮುದ್ದೇಬಿಹಾಳದವನ ಮಾತಿಗೆ ಕೃಷ್ಣಾತೀರದ ಬೇರೆಯೇ ಎಳೆತ ಇರುವುದನ್ನು ನಮ್ಮ ಮುದುಕಿಯರು ಎರಡು ಮಾತು ಕೇಳಿ ಗುರುತಿಸುತ್ತಾರೆ. ತೆರೆಯ ಮೇಲೆ ಅದಾವುದೂ ಇಲ್ಲ.

ಇದೇನು ದೊಡ್ಡ ವಿಷಯ, ಸಿನಿಮಾ ಸಿನಿಮಾವೇ ಅಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ ಬಂಧುವರ್ಗದ ಒಬ್ಬ ತರುಣನ ಮಾತನ್ನು ಅವರು ಕೇಳಬೇಕು. ಅವನು ಮುದ್ದೇಬಿಹಾಳದ ಕಡೆಯವನು, ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ. ಊರಿನಿಂದ ತಾಯಿಯ ಫೋನು ಬಂದರೆ ಎದ್ದು ಹೊರಗೆ ಹೋಗಿ ಮಾತನಾಡುತ್ತಾನೆ. ಕಾರಣ ಕೇಳಿದಾಗ, “ನಾ ಹಿಂಗ ಮಾತಾಡಿದ್ರ ಪಿಚ್ಚರದಾಗಿನ ಕಾಮಿಡಿ ಇದ್ದಂಗೈತಿ ಅಂತ ನಗ್ತಾರ್ರಿ ಕಾಕಾ” ಎಂದನು. ತಾಯಿಯೊಡನೆ ಆಡುವ ಮಾತನ್ನು ಮಗನು ಮರೆಮಾಡುವಂತಾದರೆ ಅದು ಸಣ್ಣ ವಿಷಯವಲ್ಲ. ಇಂದು ಆತ ಮಾತನ್ನು ಮುಚ್ಚಿಡುತ್ತಾನೆ. ನಾಳೆ ತನ್ನ ಮಕ್ಕಳಿಗೆ ಅದನ್ನು ಕಲಿಸುವುದೇ ಇಲ್ಲ. ಆಗ ಮೊಮ್ಮಗುವಿಗೂ ಆಯಿಗೂ ನಡುವೆ ಇರುವ ಸೇತುವೆಯೇ ಮುರಿಯುತ್ತದೆ.

ಶರಣರ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಪಂಡಿತರ ಭಾಷೆಯನ್ನು ಬದಿಗಿರಿಸಿ, ಅಂಬಿಗ, ಮಡಿವಾಳ, ಹರಳಯ್ಯ ಮುಂತಾದವರು ದಿನವೂ ಆಡುತ್ತಿದ್ದ ಮಾತಿನಲ್ಲಿಯೇ ಅನುಭಾವವನ್ನು ನುಡಿಯಬಹುದೆಂದು ತೋರಿಸಿದುದು ವಚನದ ಹಿರಿಮೆ. ಹರಿದು ಹಂಚಿಹೋಗಿದ್ದ ಆ ತಾಳೆಗರಿಗಳನ್ನು ವಿಜಯಪುರದಲ್ಲಿ ನೆಲೆಸಿ ಮನೆಮನೆ ಅಲೆದು ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಬೀದಿಯ ಮಾತಿಗೆ ಮಂಟಪದಲ್ಲಿ ಪೀಠ ಕೊಟ್ಟವರ ಕಥೆಯನ್ನು ಹೇಳುವಾಗ, ಬೀದಿಯ ಮಾತು ನಗೆಪಾಟಲಾಗುವ ತೆರೆಯ ಮೇಲೆಯೇ ಅದನ್ನು ಹೇಳುತ್ತಿದ್ದೇವೆಂಬ ಎಚ್ಚರ ಬೇಡವೇ?

ಹಾಗೆಂದು ಎಲ್ಲವೂ ನಿರಾಶೆಯಲ್ಲ. ಇದೇ ಕುತೂಹಲದಿಂದ ನಾವು ಇನ್ನೂ ಕೆಲವು ಚಿತ್ರಗಳನ್ನು ಹುಡುಕಿ ನೋಡಿದೆವು.

ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ 1990ರ ಚಿತ್ರ. ರಾಷ್ಟ್ರೀಯ ಭಾವೈಕ್ಯವನ್ನು ಕುರಿತ ಅತ್ಯುತ್ತಮ ಚಿತ್ರಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಇದಕ್ಕೆ ಸಂದಿತು. ಶ್ರೀಧರ್ ಅವರು ಶರೀಫರಾಗಿಯೂ ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿಯೂ ಅಭಿನಯಿಸಿದ್ದಾರೆ. ಇಲ್ಲಿ ನಮ್ಮ ಕಡೆಯ ಮಾತನ್ನು ಆಡುವವನು ವಿದೂಷಕನಲ್ಲ, ಸಂತ. ಅದೇ ಮಾತಿನಲ್ಲಿ ಗುರು ಶಿಷ್ಯನನ್ನು ಗದರಿಸುತ್ತಾನೆ, ಅದೇ ಮಾತಿನಲ್ಲಿ ಅಪ್ಪಿಕೊಳ್ಳುತ್ತಾನೆ. ಮೊಹರಮ್ಮಿನ ರಿವಾಯತ ಪದಗಳನ್ನೂ ಭಜನೆಯ ತತ್ತ್ವಪದಗಳನ್ನೂ ಒಂದೇ ಕಟ್ಟೆಯ ಮೇಲೆ ಕೇಳಿ ಬೆಳೆದ ನಮ್ಮ ಸಿಂದಗಿ, ಇಂಡಿಗಳ ಜನಕ್ಕೆ ಇದು ಮನೆಯದೇ ಕಥೆ. ನೋಡುತ್ತಿರುವಾಗ ನಮ್ಮ ಮನೆಯ ಹಿರಿಯರೊಬ್ಬರು ಹಾಡುಗಳಿಗೆಲ್ಲ ದನಿಗೂಡಿಸಿದರು.

ಅದೇ ನಿರ್ದೇಶಕರ ‘ನಾಗಮಂಡಲ’ 1997ರದು. ಕಾರ್ನಾಡರು ತಮ್ಮ ನಾಟಕವನ್ನು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳ ಮೇಲೆ ಕಟ್ಟಿದ್ದರು. ಇದು ದೊಡ್ಡವರಿಗೆ ತಕ್ಕ ಚಿತ್ರ, ಎಳೆಯ ಮಕ್ಕಳೊಡನೆ ಕುಳಿತು ನೋಡುವುದಲ್ಲ ಎಂದು ಮೊದಲೇ ತಿಳಿಸುತ್ತೇವೆ. ಆದರೆ ಮನೆಯೊಳಗೆ ಬೀಗ ಹಾಕಿಸಿಕೊಂಡ ಸೊಸೆಯ ಒಂಟಿತನವನ್ನು ನಮ್ಮ ಕಡೆಯ ಮಾತಿನಲ್ಲಿ ಕೇಳಿದಾಗ, ಅದು ಯಾರದೋ ಕಥೆ ಎಂದು ಯಾವ ಹೆಣ್ಣುಮಗಳಿಗೂ ಅನಿಸಲಾರದು. ಗಂಡಸರು ಇದನ್ನು ನೋಡುವುದು ಒಳ್ಳೆಯದು.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಎರಡೂ ಚಿತ್ರಗಳಿಗೆ ಸಂಗೀತ ನೀಡಿದ ಸಿ. ಅಶ್ವಥ್ ಅವರು ನಮ್ಮ ಕಡೆಯವರಲ್ಲ. ಬೆಳಗಾವಿ ಸೀಮೆಯ ಚಂದ್ರಶೇಖರ ಕಂಬಾರರು ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರದಲ್ಲಿ ಹಾಡಿದ ಶಿವಮೊಗ್ಗ ಸುಬ್ಬಣ್ಣನವರು ಮಲೆನಾಡಿನವರು. ಆ ಹಾಡಿಗಾಗಿಯೇ ಅವರಿಗೆ 1978ನೆಯ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ಎಂಬ ರಾಷ್ಟ್ರಪ್ರಶಸ್ತಿ ಬಂದಿತು. ಅಂದಮೇಲೆ ನಮ್ಮ ಮಾತಿಗೆ ನ್ಯಾಯ ಸಲ್ಲಿಸಲು ನಮ್ಮಲ್ಲಿಯೇ ಹುಟ್ಟಬೇಕೆಂದಿಲ್ಲ. ಕುಳಿತು ಕೇಳುವ ತಾಳ್ಮೆ ಬೇಕು, ಆಡುವವರ ಮೇಲೆ ಗೌರವ ಬೇಕು. ದಕ್ಷಿಣದವರು ಉತ್ತರದವರನ್ನು ತುಳಿದರೆಂಬ ಜಗಳ ನಮ್ಮದಲ್ಲ. ಆ ಜಗಳದಿಂದ ಮಾತೂ ಉಳಿಯದು, ಬಾಂಧವ್ಯವೂ ಉಳಿಯದು.

ಈಚಿನ ಚಿತ್ರಗಳಲ್ಲಿ ಎರಡನ್ನು ಹೆಸರಿಸುತ್ತೇವೆ. 2017ರಲ್ಲಿ ಬಿಡುಗಡೆಯಾದ, ನಾಗಾಭರಣ ಅವರದೇ ‘ಅಲ್ಲಮ’. ಧನಂಜಯ ಅವರು ಅಲ್ಲಮರಾಗಿದ್ದಾರೆ. ಬಾಪು ಪದ್ಮನಾಭ ಅವರ ಹಿನ್ನೆಲೆ ಸಂಗೀತಕ್ಕೂ ಎನ್.ಕೆ. ರಾಮಕೃಷ್ಣ ಅವರ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿಗಳು ದೊರೆತಿವೆ. ಮದ್ದಳೆ ನುಡಿಸುವ ಕಲಾವಿದನು ನಾದದಿಂದ ನಿಶ್ಶಬ್ದದ ಕಡೆಗೆ ನಡೆಯುವುದನ್ನು ತೋರಿಸಲು ಸಂಗೀತವೇ ಇಲ್ಲಿ ಮಾತಿಗಿಂತ ಹೆಚ್ಚು ನೆರವಾಗಿದೆ. ಮಕ್ಕಳಿಗೆ ಒಮ್ಮೆಲೇ ತಿಳಿಯಲಿಕ್ಕಿಲ್ಲ. ಹಿರಿಯರು ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಬೇಕು.

ಇನ್ನೊಂದು ಮಂಸೋರೆ ಅವರ ‘ಹರಿವು’. 2014ನೆಯ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದುದು. ಉತ್ತರ ಕರ್ನಾಟಕದ ಬಡ ರೈತನೊಬ್ಬ ಮಗನ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗಿ, ಮಗನನ್ನು ಕಳೆದುಕೊಂಡು, ಶವವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಮರಳುವ ಕಥೆ. ಆ ತಂದೆಯಾಗಿ ಅಭಿನಯಿಸಿದ ಸಂಚಾರಿ ವಿಜಯ್ ಅವರು 2021ರಲ್ಲಿ ಅಪಘಾತದಲ್ಲಿ ತೀರಿಕೊಂಡರೆಂಬುದನ್ನು ನೆನೆದಾಗ ಮನಸ್ಸು ಇನ್ನಷ್ಟು ಭಾರವಾಗುತ್ತದೆ. ಚಿತ್ರ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಇಲ್ಲಿ ನಮ್ಮ ಕಡೆಯ ಮನುಷ್ಯನು ನಗೆಯ ವಸ್ತುವಲ್ಲ. ಅವನಿಗೊಂದು ದುಃಖವಿದೆ, ಆ ದುಃಖಕ್ಕೊಂದು ಘನತೆಯಿದೆ. ಸಾಲ ಮಾಡಿ ಸೊಲ್ಲಾಪುರಕ್ಕೋ ಬೆಂಗಳೂರಿಗೋ ರೋಗಿಯನ್ನು ಕರೆದೊಯ್ದ ಮನೆ ನಮ್ಮ ನಾಲ್ಕು ತಾಲೂಕುಗಳ ಯಾವ ಊರಿನಲ್ಲಿ ಇಲ್ಲ?

ಮಾತನ್ನು ಇದ್ದಂತೆಯೇ ಹಿಡಿದಿಡುವ ಕೆಲಸವನ್ನು ಸಿನಿಮಾದವರಿಗಿಂತ ಮೊದಲೇ ಮಾಡಿ ತೋರಿಸಿದವರು ನಮ್ಮ ನೆಲದಲ್ಲಿಯೇ ಇದ್ದರು. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಅವರು ಆ ಮಾತನ್ನು ತಿದ್ದಿ ಗ್ರಾಂಥಿಕ ಮಾಡಲಿಲ್ಲ, ಅಣಕಿಸಲೂ ಇಲ್ಲ. ಇದ್ದ ಹಾಗೆಯೇ ಮುಂದಿಟ್ಟರು, ನಾಡೇ ತಲೆದೂಗಿತು. ರಂಗದ ಮೇಲೆ ಬಸವಣ್ಣನವರ ಪಾತ್ರವನ್ನು ಧರಿಸಿ ಊರೂರು ಸುತ್ತಿದ ಏಣಗಿ ಬಾಳಪ್ಪನವರು ನೂರು ವರ್ಷ ದಾಟಿ 2017ರವರೆಗೂ ನಮ್ಮ ನಡುವೆ ಇದ್ದರು. ಬಸವಣ್ಣನಾಗಿ ರಂಗವೇರುತ್ತಿದ್ದ ಅವರೂ ಮನೆಯ ಮಾತು ಬಿಟ್ಟವರಲ್ಲ. ರಂಗಕ್ಕೊಂದು ಮಾತು, ಮನೆಗೊಂದು ಮಾತು ಇರಬಹುದು. ಒಂದಕ್ಕಾಗಿ ಇನ್ನೊಂದನ್ನು ಕೀಳೆನ್ನಬೇಕಾಗಿಲ್ಲ.

ಕೊನೆಯದಾಗಿ ಗೃಹಸ್ಥರಲ್ಲಿ ಮೂರು ವಿನಂತಿಗಳಿವೆ.

ಸಿನಿಮಾ ನೋಡುವುದಾದರೆ ಕೂಡಿ ನೋಡಿರಿ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಒಂದೊಂದು ಮೊಬೈಲು ಹಿಡಿದು ಕುಳಿತರೆ, ಮಗುವಿಗೆ ಹುಟ್ಟಿದ ಪ್ರಶ್ನೆ ಅಲ್ಲಿಯೇ ಸಾಯುತ್ತದೆ.

ನಮ್ಮ ಮಾತನ್ನು ಆಡಿದನೆಂಬ ಒಂದೇ ಕಾರಣಕ್ಕೆ ತೆರೆಯ ಮೇಲಿನವನನ್ನು ನೋಡಿ ನಗಬೇಡಿರಿ. ಅವನು ಆಡಿದ ಮಾತಿನಲ್ಲಿ ಹುರುಳಿದ್ದರೆ, ಚಾತುರ್ಯವಿದ್ದರೆ ಮನಸಾರೆ ನಗಿರಿ. ಈ ವ್ಯತ್ಯಾಸವನ್ನು ಮಕ್ಕಳು ಉಪದೇಶದಿಂದ ಕಲಿಯುವುದಿಲ್ಲ, ಹಿರಿಯರ ಮುಖ ನೋಡಿ ಕಲಿಯುತ್ತಾರೆ.

ಚಿತ್ರ ಮುಗಿದ ಮೇಲೆ ಮಕ್ಕಳಿಂದ ಆ ಕಥೆಯನ್ನು ಮನೆಯ ಮಾತಿನಲ್ಲಿ ಹೇಳಿಸಿರಿ. ಶಾಲೆಯ ಕನ್ನಡವೂ ಬರಲಿ, ಇಂಗ್ಲಿಷೂ ಬರಲಿ, ಅವುಗಳ ಜೊತೆಗೆ ಇದೂ ಇರಲಿ. ಸಿನಿಮಾ ತೋರಿಸುವ ಅದೇ ಮೊಬೈಲಿನಲ್ಲಿ ಧ್ವನಿ ಹಿಡಿದಿಡುವ ಸೌಕರ್ಯವೂ ಇದೆ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಅವರ ಒಂದು ಬೀಸುವ ಪದ, ಒಂದು ಹಂತಿಯ ಹಾಡು, ಒಂದು ಗಾದೆ, ಒಂದು ಬೈಗುಳವನ್ನಾದರೂ ಈ ವಾರದೊಳಗೆ ಹಿಡಿದಿಟ್ಟುಕೊಳ್ಳಿರಿ. ಹಳೆಯ ಸಿನಿಮಾವನ್ನು ಯಾವಾಗ ಬೇಕಾದರೂ ಮತ್ತೆ ನೋಡಬಹುದು. ಆ ಹಿರಿಯರ ದನಿಯನ್ನು ಮತ್ತೆ ಕೇಳಲಾಗುವುದಿಲ್ಲ.