ಮುಂಜಾನೆಯ ದೋಣಿಯ ಮಾತು ಕೊಟ್ಟವರಿಗೆ ಬಹಿರಂಗ ಪತ್ರ

ಮಾದನಾಯಕನಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುತ್ತಿರುವ ನಾನು, ತಮಗೆ ಬರೆದ ಪತ್ರಗಳಿಗೆ ಉತ್ತರ ಬಾರದೆ, ಮುಖ್ಯೋಪಾಧ್ಯಾಯರ ಮನವಿಯಿಂದಲೂ ಜನಪ್ರತಿನಿಧಿಗಳ ಶಿಫಾರಸಿನಿಂದಲೂ ಯಾವ ಪ್ರಯೋಜನವೂ ಆಗದೆ ಹೋದಮೇಲೆ, ಗತ್ಯಂತರವಿಲ್ಲದೆ ಈ ಅರಿಕೆಯನ್ನು ಸಾರ್ವಜನಿಕರ ಸಮಕ್ಷಮದಲ್ಲಿ ಇಡುತ್ತಿದ್ದೇನೆ. ತಮ್ಮ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಇಲ್ಲಿ ನಮೂದಿಸಿಲ್ಲ. ಮಲ್ಪೆಯ ಕಡಲತೀರದಲ್ಲಿ ನಮ್ಮ ಮಕ್ಕಳಿಗೆ ಆದದ್ದೇನೆಂಬುದನ್ನು ನಮ್ಮೂರಿನವರೆಲ್ಲ ಬಲ್ಲರು. ಅದು ಯಾರಿಂದ ಆಯಿತೆಂಬುದನ್ನು ತಾವು ಬಲ್ಲಿರಿ.

ಉದ್ಯೋಗನಿಮಿತ್ತ ಅಮೆರಿಕೆಗೆ ಹೋದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಹವಾಯಿಯ ಕಿಲಾವೆಯ ಜ್ವಾಲಾಮುಖಿಯ ಶಿಲಾರಸವು ಕಮೋಕುನ ಎಂಬೆಡೆಯಲ್ಲಿ ಸಮುದ್ರಕ್ಕಿಳಿಯುವುದನ್ನು 2017ರಲ್ಲಿ ಅರುಣೋದಯಕ್ಕೆ ಮುನ್ನ ದೋಣಿಯಿಂದ ಕಂಡು, ಆ ದರ್ಶನವನ್ನು ದೀರ್ಘವಾದ ಪತ್ರವಾಗಿ ಶಾಲೆಗೆ ಬರೆದು ಕಳುಹಿಸಿದ್ದನು. ಕತ್ತಲೆಯಲ್ಲಿ ಬಂಡೆಯ ಅಂಚಿನಿಂದ ಧಾರೆಯಾಗಿ ಸುರಿಯುವ ಆ ಕೆಂಪನ್ನೂ, ಸಾವಿರ ಡಿಗ್ರಿಯನ್ನು ಮೀರಿದ ಆ ದ್ರವವು ಉಪ್ಪುನೀರನ್ನು ಮುಟ್ಟಿದೊಡನೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಗಾಜಿನ ಸೂಕ್ಷ್ಮ ಕಣಗಳನ್ನೂ ಹೊತ್ತು ಮೇಲೇಳುವ ಬಿಳಿಯ ಹಬೆಯನ್ನೂ, ಬೆಳಕು ಹರಿದಂತೆಲ್ಲ ಕೆಂಪು ಮಾಸಿ ಹೊಸದಾಗಿ ಹುಟ್ಟಿದ ಕರಿಯ ನೆಲವೊಂದೇ ಉಳಿಯುವ ಪರಿಯನ್ನೂ ಅವನು ವರ್ಣಿಸಿದ ಆ ಪತ್ರವನ್ನು ನಾನು ಪ್ರತಿವರ್ಷವೂ ಹತ್ತನೆಯ ತರಗತಿಯಲ್ಲಿ ಓದುತ್ತೇನೆ. ಈ ಸಲ ಓದಿ ಮುಗಿಸಿದಾಗ, ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ತಂದೆಯ ಮಗಳೊಬ್ಬಳು ಎದ್ದುನಿಂತು, "ಸಾರ್, ನಮ್ಮ ಕಡೆ ಇಂಥದ್ದು ಎಲ್ಲೂ ಇಲ್ವಾ?" ಎಂದು ಕೇಳಿದಳು.

ಇದೆಯೆಂದು ನಾನು ಹೇಳಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿರುವ ನಾಲ್ಕು ಶಿಲಾತಾಣಗಳಲ್ಲಿ ಲಾಲ್‌ಬಾಗಿನ ಬಂಡೆಯೊಂದನ್ನು ಬಿಟ್ಟರೆ ಉಳಿದ ಮೂರೂ ಜ್ವಾಲಾಮುಖಿಯಿಂದ ಜನಿಸಿದವು. ನಮ್ಮೂರಿನ ಮುಂದೆ ಹಾದುಹೋಗುವ ತುಮಕೂರು ರಸ್ತೆಯನ್ನೇ ಹಿಡಿದು ಹಿರಿಯೂರನ್ನು ದಾಟಿದರೆ ಐಮಂಗಲದ ಬಳಿಯ ಮರಡಿಹಳ್ಳಿ ಸಿಗುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನೊಳಗೆ ಉಕ್ಕಿದ ಶಿಲಾರಸವು, ಹೊರಮೈ ಕ್ಷಣದಲ್ಲಿ ಗಟ್ಟಿಯಾಗಿ, ಒಳಗಿನ ದ್ರವವು ಆ ಚಿಪ್ಪನ್ನು ಸೀಳಿ ಮತ್ತೊಂದು ಉಂಡೆಯಾಗಿ ಹೊರಳಿ, ಒಂದರ ಮೇಲೊಂದು ಒರಗಿ ನಿಂತ ದಿಂಬುಲಾವಾ ಅಲ್ಲಿದೆ. ಬಯಲುಸೀಮೆಯ ಆ ಒಣನೆಲದಲ್ಲಿ ಒಮ್ಮೆ ಕಡಲಿತ್ತೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಮಲ್ಪೆಯಾಚೆಯ ಸೈಂಟ್ ಮೇರಿಸ್ ದ್ವೀಪಗಳ ಕಥೆ ಇದಕ್ಕೆ ವಿಲೋಮವಾದದ್ದು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತಕ್ಕೆ ಇನ್ನೂ ಅಂಟಿಕೊಂಡಿದ್ದ ಕಾಲದಲ್ಲಿ, ನೆಲ ಬಿರಿದು ಹೊಮ್ಮಿದ ಶಿಲಾರಸವು ತೆರೆದ ಗಾಳಿಯಲ್ಲಿ ತಣಿಯುತ್ತ, ಬೇಸಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರಿಯುವಂತೆ ಬಿರಿದು, ಬಹುತೇಕ ಆರು ಮುಖಗಳ ಕಂಬಗಳಾಗಿ ನಿಂತಿತು. ಮಡಗಾಸ್ಕರವು ಬೇರ್ಪಟ್ಟು ದೂರ ಸರಿದ ಅನಂತರ ಆ ಎಡೆಗೆ ಕಡಲು ಬಂದಿತು.

ಇವೆರಡನ್ನೂ ಮಕ್ಕಳಿಗೆ ತೋರಿಸಬೇಕೆಂದು ನಿಶ್ಚಯಿಸಿದೆವು. ದಿಗಂತದ ಓರೆಬೆಳಕಿನಲ್ಲಿ ಕಂಬಗಳ ಏಣುಗಳು ಎದ್ದುಕಾಣುವುದರಿಂದ, ಪ್ರವಾಸಿಗರ ಸಂದಣಿ ತುಂಬುವ ಮುನ್ನ ಅವುಗಳ ಕೋನಗಳನ್ನು ನೆಮ್ಮದಿಯಾಗಿ ಅಳೆಯಬಹುದಾದ್ದರಿಂದ, ಮತ್ತು ಆ ಹವಾಯಿಯ ಪತ್ರವು ಅವರ ಮನಸ್ಸಿನಲ್ಲಿ ಬೇರೂರಿದ್ದರಿಂದ, ಮುಂಜಾನೆಯ ದೋಣಿಯೊಂದನ್ನು ತಮ್ಮಲ್ಲಿ ಬೇಡಿದೆವು. "ಸೂರ್ಯೋದಯಕ್ಕೆ ಮುನ್ನ ವಿದ್ಯಾರ್ಥಿಗಳಿಗಾಗಿ ದೋಣಿಯನ್ನು ಸಿದ್ಧವಾಗಿರಿಸಲಾಗುವುದು" ಎಂದು ತಮ್ಮ ರುಜುವಿನೊಡನೆ ಬಂದ ಪತ್ರ ಈಗಲೂ ನನ್ನ ಬಳಿ ಇದೆ. ಅದನ್ನು ನಂಬಿ ಮಕ್ಕಳ ತಂದೆತಾಯಿಗಳು ತಮ್ಮ ಕೂಲಿಯಲ್ಲಿ, ಓವರ್‌ಟೈಮಿನ ಹಣದಲ್ಲಿ ಉಳಿಸಿ ಬಸ್ಸಿನ ಬಾಡಿಗೆಯನ್ನು ಕೊಟ್ಟರು.

ಕತ್ತಲಿರುವಾಗಲೇ ನಾವು ತೀರದಲ್ಲಿದ್ದೆವು. ದೋಣಿ ಇರಲಿಲ್ಲ. ಇಲ್ಲವೆಂದು ಹೇಳುವುದಕ್ಕಾದರೂ ಯಾರೂ ಇರಲಿಲ್ಲ. ಹೊತ್ತು ಮೇಲೇರಿದ ಬಳಿಕ ತಮ್ಮ ಕಡೆಯವರೊಬ್ಬರು ಬಂದು, ಪತ್ರವನ್ನು ಬಿಚ್ಚಿಯೂ ನೋಡದೆ, ಮಕ್ಕಳೆದುರಿಗೇ, "ಕಲ್ಲೇನು ಓಡಿಹೋಗ್ತದಾ? ಎಲ್ಲರ ಜೊತೆ ಹೋಗಿ" ಎಂದರು. ಎಲ್ಲರ ಜೊತೆಯಲ್ಲಿಯೇ ಹೋದೆವು. ನಡುಹಗಲಿನ ಆ ಜಂಗುಳಿಯಲ್ಲಿ ಕಂಬಗಳು ಕೂತು ಚಿತ್ರ ತೆಗೆಸಿಕೊಳ್ಳುವ ಪೀಠಗಳಾಗಿದ್ದವು; ಬಿರುಕುಗಳಲ್ಲಿ ಪ್ಲಾಸ್ಟಿಕ್ ಬಾಟಲಿಗಳು ತುರುಕಿಕೊಂಡಿದ್ದವು. ಕೋನಮಾಪಕಗಳು ಚೀಲದಿಂದ ಹೊರಬರಲೇ ಇಲ್ಲ.

ಸುರಕ್ಷತೆಯ ಕಾರಣದಿಂದ ದೋಣಿಯನ್ನು ತಡೆದಿದ್ದರೆ ನಾನು ತಲೆಬಾಗಿ ಒಪ್ಪುತ್ತಿದ್ದೆ. ಇದೇ ದ್ವೀಪದಲ್ಲಿ 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರೆಂಬುದನ್ನು ಮಕ್ಕಳನ್ನು ಕರೆದೊಯ್ಯುವ ಯಾವ ಉಪಾಧ್ಯಾಯನೂ ಮರೆಯಲಾರನು. 2018ರ ಜುಲೈ 16ರಂದು ಹವಾಯಿಯಲ್ಲಿ ಸ್ಫೋಟದಿಂದ ಸಿಡಿದ ಶಿಲಾಖಂಡವು ಪ್ರೇಕ್ಷಕರ ದೋಣಿಯ ಮಾಡನ್ನು ತೂರಿ 23 ಜನರನ್ನು ಗಾಯಗೊಳಿಸಿದ್ದನ್ನೂ ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ತಾವು ಕಾರಣವನ್ನೇ ಹೇಳಲಿಲ್ಲ. ಮಾತು ಕೊಟ್ಟವರು, ಮಾತನ್ನು ಹಿಂತೆಗೆದುಕೊಳ್ಳುತ್ತೇನೆಂಬ ಒಂದು ಸಾಲನ್ನು ಬರೆಯುವಷ್ಟು ಮರ್ಯಾದೆಗೂ ಈ ಮಕ್ಕಳು ಅರ್ಹರಲ್ಲವೆಂದು ಬಗೆದಿರಿ.

ನೇರವಾಗಿ ಕೇಳುತ್ತೇನೆ: ಮಂತ್ರಿಗಳ ಅತಿಥಿಗಳು ಅದೇ ಮುಂಜಾನೆ ಬರುವುದಾಗಿದ್ದರೆ ನೀವು ದೋಣಿಯನ್ನು ಮರೆಯುತ್ತಿದ್ದಿರಾ? ಸ್ಮಾರಕವೆಂದು ಫಲಕ ನೆಟ್ಟ ಮರುದಿನವೇ ಅದನ್ನು ಮರೆಯುವ ಆಡಳಿತ ನಮ್ಮದು. ಮರಡಿಹಳ್ಳಿಗೆ ನಾವು ಹೋದಾಗ ಅಲ್ಲಿ ಕನ್ನಡದಲ್ಲಿ ನಾಲ್ಕು ಮಾತು ವಿವರಿಸುವವರೊಬ್ಬರೂ ಇರಲಿಲ್ಲ. ಕೈಗಾರಿಕೆಯ ಹೊಗೆಯ ನಡುವೆ ಬೆಳೆಯುವ ಮಕ್ಕಳಿಗೆ ತಮ್ಮ ನಾಡಿನ ನೆಲದ ವಯಸ್ಸನ್ನು ಕಣ್ಣಾರೆ ಕಾಣುವ ಹಕ್ಕಿಲ್ಲವೆ? ಪ್ರವಾಸೋದ್ಯಮವೆಂದರೆ ಟಿಕೆಟ್ಟಿನ ಲೆಕ್ಕವೊಂದೇ ಏನು? ಶಾಲೆಗಳಿಗೆ ಬರೆದುಕೊಟ್ಟ ಮಾತಿಗೆ ಯಾವ ಬೆಲೆಯೂ ಇಲ್ಲದಿದ್ದರೆ, ಅಂಥ ಪತ್ರಗಳನ್ನು ಬರೆಯುವುದನ್ನೇ ನಿಲ್ಲಿಸಿರಿ.

ಆ ರುಜುವಿಗೆ ನೀವು ಉತ್ತರ ಕೊಡಲೇಬೇಕು. ಅಂದು ದೋಣಿ ಏಕೆ ಬರಲಿಲ್ಲವೆಂಬುದನ್ನು ಶಾಲೆಯ ವಿಳಾಸಕ್ಕೆ ಲಿಖಿತವಾಗಿ ತಿಳಿಸಿರಿ. ಕಲ್ಲು ಓಡಿಹೋಗುವುದಿಲ್ಲವೆಂದ ಮಾತಿಗಾಗಿ ಮಕ್ಕಳ ಕ್ಷಮೆ ಕೇಳಿರಿ. ಕಡಲು ಶಾಂತವಾಗಿರುವ ಈ ತಿಂಗಳುಗಳಲ್ಲಿಯೇ, ಜೀವರಕ್ಷಕರೊಡನೆ, ಅವರಿಗೆ ಒಂದು ಮುಂಜಾನೆಯನ್ನು ಕೊಡಿರಿ. ಮಳೆಗಾಲ ಬಂದರೆ ದೋಣಿಗಳು ನಿಲ್ಲುತ್ತವೆ, ಮತ್ತು ಈ ಮಕ್ಕಳು ಪರೀಕ್ಷೆ ಮುಗಿಸಿ ಬರುವ ಏಪ್ರಿಲ್‌ಗೆ ನಮ್ಮ ಶಾಲೆಯನ್ನು ಬಿಡುತ್ತಾರೆ.

ಇಂತಿ,
ವಿಜ್ಞಾನದ ಉಪಾಧ್ಯಾಯ,
ಮಾದನಾಯಕನಹಳ್ಳಿ