ಪದದ ಬೆನ್ನಿಗೆ ರಾಗ

ಶಿವಮೊಗ್ಗ–ಭದ್ರಾವತಿ ಸೀಮೆಯ ಸಂಗೀತದಲ್ಲಿ 2022 ದೊಡ್ಡ ವರ್ಷ. ಜನವರಿಯಲ್ಲಿ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆಗಸ್ಟ್ 11ರಂದು ಗಾಯಕ ಶಿವಮೊಗ್ಗ ಸುಬ್ಬಣ್ಣ ಬೆಂಗಳೂರಿನಲ್ಲಿ ತೀರಿಕೊಂಡರು. ಕುಪ್ಪಳಿಯ ಕವಿ ಕುವೆಂಪು ಬರೆದ ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕೆಂದು ಸರ್ಕಾರ ಸೆಪ್ಟೆಂಬರಿನಲ್ಲಿ ಆದೇಶ ಹೊರಡಿಸಿತು. ಅದೇ ತಿಂಗಳ 30ಕ್ಕೆ ತೆರೆಕಂಡ ‘ಕಾಂತಾರ’ದ ಸಂಗೀತ ನಿರ್ದೇಶಕ ಬಿ. ಅಜನೀಶ್ ಲೋಕನಾಥ್ ಭದ್ರಾವತಿಯವರು. ಡಿಸೆಂಬರ್ 21ರಂದು ಕೇಶವಮೂರ್ತಿ ಅವರೂ ಹೋದರು. ಪ್ರಶಸ್ತಿ ಬಂದ ವರ್ಷ ಮುಗಿಯುವುದಕ್ಕೆ ಹತ್ತು ದಿನವಷ್ಟೇ ಬಾಕಿ ಇತ್ತು.

ವರ್ಷದ ಕೊನೆಯಲ್ಲಿ ಮೆಚ್ಚಿನ ಸಂಗೀತವನ್ನು ಆರಿಸುವಾಗ ಆ ವರ್ಷ ಬಿಡುಗಡೆಯಾದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಒಂದು ಊರಿನ ಕಿವಿಗೆ ಈ ಲೆಕ್ಕ ಸಾಲದು. ಹಾಡುಗಾರರೊಬ್ಬರು ತೀರಿಕೊಂಡಾಗ ನಲವತ್ತು ವರ್ಷದ ಹಿಂದಿನ ಹಾಡು ಮತ್ತೆ ಮನೆಮನೆಯಲ್ಲಿ ಕೇಳಿಬರುತ್ತದೆ. ಆ ವರ್ಷ ನಿಜವಾಗಿ ಕೇಳಿಸಿದ ಸಂಗೀತ ಅದೇ. ಹಾಗೆ ನೋಡಿದರೆ 2022ರಲ್ಲಿ ಈ ಸೀಮೆ ಕೇಳಿದ ಹಾಡಿಕೆಯಲ್ಲಿ ಹೆಚ್ಚಿನದು ಹಳೆಯದು. ಅದರಲ್ಲಿ ಗಮಕ, ಭಾವಗೀತೆ ಎಂಬ ಎರಡು ಬಗೆಗಳಿದ್ದರೂ ಕಟ್ಟುಪಾಡು ಒಂದೇ. ಎರಡರಲ್ಲೂ ಮುಂದೆ ನಡೆಯುವುದು ಕವಿಯ ಪದ, ಅದರ ಬೆನ್ನಿಗೆ ಬರುವುದು ರಾಗ.

ಹೊಸಹಳ್ಳಿ ಶಿವಮೊಗ್ಗಕ್ಕೆ ಹತ್ತಿರದಲ್ಲಿ, ತುಂಗಾ ನದಿಯ ದಂಡೆಯಲ್ಲಿದೆ. ಎದುರು ದಂಡೆಯ ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕದ ಊರೆಂದೇ ಹೆಸರು ಮಾಡಿದೆ. 1934ರಲ್ಲಿ ಹುಟ್ಟಿದ ಕೇಶವಮೂರ್ತಿ ಈ ವಿದ್ಯೆಯನ್ನು ಕಲಿತು, ಕೊನೆಯವರೆಗೂ ಕಲಿಸುತ್ತ ಬಂದವರು. ಗಮಕವೆಂದರೆ ಕಾವ್ಯವಾಚನ. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ, ರಾಘವಾಂಕನ ಹರಿಶ್ಚಂದ್ರ ಕಾವ್ಯ ಇಂಥವನ್ನು ರಾಗದಲ್ಲಿ ಓದುವುದು, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅರ್ಥ ಬಿಡಿಸಿ ಹೇಳುವುದು. ಇದರಲ್ಲಿ ತಾಳವಿಲ್ಲ, ಮೃದಂಗವಿಲ್ಲ. ಶ್ರುತಿಯೊಂದಿದ್ದರೆ ಸಾಕು. ಕಛೇರಿಯ ಹಾಡುಗಾರರಿಗಿರುವ ಸ್ವರಪ್ರಸ್ತಾರ, ನೆರವಲುಗಳ ಅವಕಾಶ ಗಮಕಿಗಿಲ್ಲ. ಅದೇ ಸಾಲನ್ನು ಹತ್ತು ಬಗೆಯಲ್ಲಿ ತಿರುಗಿಸಿ ಹಾಡಲು ಹೊರಟರೆ ಕಥೆ ನಿಂತುಹೋಗುತ್ತದೆ.

ಹಾಗೆಂದು ಇದು ಸುಲಭದ ಹಾಡಿಕೆಯಲ್ಲ. ಕುಮಾರವ್ಯಾಸ ಹತ್ತು ಪರ್ವಗಳ ತನ್ನ ಭಾರತವನ್ನು ಭಾಮಿನಿ ಷಟ್ಪದಿಯಲ್ಲೇ ಬರೆದ. ಪದ್ಯಕ್ಕೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆ. ಮೂರು ನಾಲ್ಕು, ಮೂರು ನಾಲ್ಕು ಎಂಬ ನಡಿಗೆ. ಮೂರು ಮತ್ತು ಆರನೆಯ ಸಾಲುಗಳು ಉದ್ದವಾಗಿ, ಇಪ್ಪತ್ತೊಂದು ಮಾತ್ರೆಯ ಮೇಲೊಂದು ಗುರುವಿನಲ್ಲಿ ನಿಲ್ಲುತ್ತವೆ. ಶಾಲೆಯಲ್ಲಿ ಮಕ್ಕಳು ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಅದೇ ಕತ್ತರಿಕೆಯಲ್ಲಿ ಪದ್ಯ ಓದುತ್ತಾರೆ. ಹಾಗೆ ಓದಿದಾಗ ಒಂದು ಪದದ ಅರ್ಧ ಈ ಗಣದಲ್ಲಿ, ಉಳಿದರ್ಧ ಮುಂದಿನದರಲ್ಲಿ ಬಿದ್ದು ಛಂದಸ್ಸು ಉಳಿಯುತ್ತದೆ, ಮಾತು ಸಾಯುತ್ತದೆ. ಗಮಕಿ ಮಾಡುವುದು ಇದರ ತಿರುವುಮುರುವು. ಮೂರು ನಾಲ್ಕರ ನಡಿಗೆಯನ್ನು ಒಳಗೇ ಇಟ್ಟುಕೊಂಡು, ಸಂಧಿಯನ್ನು ಅರ್ಥಕ್ಕೆ ತಕ್ಕಂತೆ ಬಿಡಿಸಿ, ವಾಕ್ಯ ಸಾಲು ದಾಟಿದರೆ ಉಸಿರನ್ನೂ ದಾಟಿಸಿ, ಮೂರನೆಯ ಸಾಲಿನ ಗುರುವಿನಲ್ಲಿ ದನಿ ಎತ್ತಿ, ಆರನೆಯದರ ಗುರುವಿನಲ್ಲಿ ಇಳಿಸಿ ನಿಲ್ಲಿಸುತ್ತಾನೆ. ಕೇಳುವವರಿಗೆ ಲೆಕ್ಕ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ.

ರಾಗದ ಆಯ್ಕೆಯೂ ಪದದ ಅಂಕೆಯಲ್ಲೇ ಇರುತ್ತದೆ. ವೀರಕ್ಕೆ ಬಿಲಹರಿಯೋ ಅಠಾಣವೋ, ದುಃಖಕ್ಕೆ ನಾದನಾಮಕ್ರಿಯೆಯೋ ಮುಖಾರಿಯೋ ಎಂಬ ರೂಢಿಯಿದೆ. ಆದರೆ ರೂಢಿಯಷ್ಟರಿಂದಲೇ ಕೆಲಸ ನಡೆಯುವುದಿಲ್ಲ. ವಿರಾಟಪರ್ವದ ಉತ್ತರಕುಮಾರನ ಪ್ರಸಂಗವನ್ನೇ ನೋಡಬಹುದು. ಅಂತಃಪುರದ ಹೆಂಗಸರ ಮುಂದೆ ಜಂಬ ಕೊಚ್ಚುವಾಗ ಅವನ ಮಾತಿಗೆ ವೀರದ ರಾಗವನ್ನೇ ಹಿಡಿಯಬೇಕು, ಆದರೆ ಅದು ಟೊಳ್ಳೆಂಬುದು ದನಿಯಲ್ಲೇ ಗೊತ್ತಾಗಬೇಕು. ಕೌರವಸೇನೆ ಕಣ್ಣಿಗೆ ಬಿದ್ದ ಕ್ಷಣದಲ್ಲಿ ಅದೇ ಬಾಯಿಂದ ಬರುವ ಪದಗಳು ಕುಗ್ಗುತ್ತವೆ; ರಾಗ ಬದಲಾಗುವುದಕ್ಕೆ ಮೊದಲೇ ಕಂಠ ಬದಲಾಗಬೇಕು. ಸಭೆ ನಗುವುದು ಪದ್ಯದ ಅರ್ಥ ಕೇಳಿದ ಮೇಲಲ್ಲ, ಪದ್ಯ ಕೇಳುತ್ತಿರುವಾಗಲೇ. ನಾಟಕದ ವೇಷ, ರಂಗದ ಬೆಳಕು ಒಂದೂ ಇಲ್ಲದೆ ಕುಳಿತಲ್ಲಿಂದಲೇ ಒಬ್ಬರ ಗಂಟಲು ಇಷ್ಟನ್ನು ಮಾಡುವುದು ಕನ್ನಡದ ಹೆಮ್ಮೆಯ ವಿದ್ಯೆಗಳಲ್ಲಿ ಒಂದು. ಪದ್ಮಶ್ರೀ ಬಂದಾಗ ಗಮಕವೆಂಬ ಹೆಸರನ್ನೇ ಎಷ್ಟೋ ಜನ ಮೊದಲ ಸಲ ಕೇಳಿದರೆಂಬುದು ಬೇಸರದ ಸಂಗತಿ. ಆ ಪ್ರಶಸ್ತಿಯಿಂದ ಆದ ಲಾಭವೂ ಅದೇ.

ಇನ್ನು ಭಾವಗೀತೆಯ ಮಾತು. ಶಿವಮೊಗ್ಗದಿಂದ ಸಾಗರ ರಸ್ತೆ ಹಿಡಿದು, ಆಯನೂರಿನಿಂದ ಹೊಸನಗರದ ಕಡೆ ತಿರುಗಿದರೆ ಮುಂದೆ ನಗರ ಸಿಗುತ್ತದೆ. ಕೆಳದಿ ಅರಸರು ಆಳಿದ ಹಳೆಯ ಬಿದನೂರು ಇದೇ. ಸುಬ್ಬಣ್ಣ ಹುಟ್ಟಿದ್ದು ಇಲ್ಲಿ, 1938ರಲ್ಲಿ. ಓದಿ ವಕೀಲರಾದರು, ಬೆಂಗಳೂರಿನಲ್ಲಿ ನೆಲೆಸಿದರು. ಜಿಲ್ಲೆಯ ಹೆಸರು ಮಾತ್ರ ಅವರ ಹೆಸರಿನ ಮುಂದೆ ಕೊನೆಯತನಕ ಉಳಿಯಿತು. ಚಂದ್ರಶೇಖರ ಕಂಬಾರರು ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಅವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ.

ಆ ಹಾಡನ್ನು ಈಗ ಕೇಳಿದರೂ ಮೊದಲು ಗಮನಕ್ಕೆ ಬರುವುದು ಕಂಠದ ಎತ್ತರ. ಚಿತ್ರಗೀತೆಯ ನಯ ಅದರಲ್ಲಿಲ್ಲ. ಬಯಲಲ್ಲಿ ನಿಂತು ಕೂಗಿ ಕರೆಯುವವರ ಹಾಗೆ ತೆರೆದ ಗಂಟಲಲ್ಲಿ, ತಾರಸ್ಥಾಯಿಯಲ್ಲೇ ದನಿ ನಿಲ್ಲುತ್ತದೆ. ಅಷ್ಟು ಮೇಲೆ ಹೋದಾಗ ಹಾಡುಗಾರರ ವ್ಯಂಜನಗಳು ಮಸುಕಾಗುವುದು ಸಾಮಾನ್ಯ. ಸ್ವರ ಉಳಿಸಿಕೊಳ್ಳುವ ಪಾಡಿನಲ್ಲಿ ಅಕ್ಷರ ಜಾರುತ್ತದೆ. ಸುಬ್ಬಣ್ಣನವರಲ್ಲಿ ಜಾರುವುದಿಲ್ಲ. ಒತ್ತಕ್ಷರ ಒತ್ತಕ್ಷರವಾಗಿಯೇ, ದೀರ್ಘ ದೀರ್ಘವಾಗಿಯೇ ಕೇಳುತ್ತದೆ. ಅವರ ಗಾಯನದ ಬಲವೆಲ್ಲ ಇಲ್ಲಿದೆ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಈ ಮಲೆನಾಡಿನ ದನಿಗೆ ಹೆಚ್ಚು ಹೆಸರು ತಂದವು ಉತ್ತರ ಕರ್ನಾಟಕದ ಪದಗಳು: ಬೆಳಗಾವಿ ಸೀಮೆಯ ಕಂಬಾರರದು, ಆಮೇಲೆ ಶಿಶುನಾಳದ ಷರೀಫರದು. ಷರೀಫರ ತತ್ತ್ವಪದಗಳು ಸಿ. ಅಶ್ವತ್ಥ್ ಅವರ ರಾಗಸಂಯೋಜನೆಯಲ್ಲಿ ಇಡೀ ಕರ್ನಾಟಕಕ್ಕೆ ಹರಡಿದಾಗ ಸುಬ್ಬಣ್ಣ ಅವುಗಳ ಮುಖ್ಯ ಕಂಠಗಳಲ್ಲಿ ಒಬ್ಬರಾಗಿದ್ದರು. ಆ ಪದಗಳನ್ನು ಓದುಗರ ಮುಂದೆ ತಂದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಹುಟ್ಟಿದ್ದೂ ಶಿವಮೊಗ್ಗದಲ್ಲೇ.

1978 ಇನ್ನೊಂದು ಕಾರಣಕ್ಕೂ ಮುಖ್ಯ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂದದ್ದು ಆ ವರ್ಷ. ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ ಅದು. ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ನಿಸಾರ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟರಾಗಿದ್ದವರು. ಶೀರ್ಷಿಕೆ ಕವಿತೆಯಲ್ಲಿ ಜೋಗ, ತುಂಗೆಗಳ ಪಕ್ಕದಲ್ಲೇ ಸಹ್ಯಾದ್ರಿಯ ಅದಿರೂ ಬರುತ್ತದೆ. ನಾಡನ್ನು ಕೊಂಡಾಡುವ ಹಾಡಿಗೆ ಕಲ್ಲು–ಮಣ್ಣಿನ ಶಾಸ್ತ್ರ ಬಲ್ಲವರಷ್ಟೇ ತರಬಹುದಾದ ಪದ ಅದು. ಅನಂತಸ್ವಾಮಿ ಅದನ್ನು ಧಾಟಿಯಲ್ಲಿ ಮರೆಮಾಡದೆ ಉಳಿಸಿಕೊಂಡರು. ಅಲ್ಲಿಯವರೆಗೆ ಭಾವಗೀತೆ ಕೇಳಬೇಕಾದರೆ ಹೆಚ್ಚಿನವರು ಸಭೆಗೆ ಹೋಗಬೇಕಿತ್ತು, ಇಲ್ಲವೇ ಆಕಾಶವಾಣಿಯ ಹೊತ್ತಿಗೆ ಕಾಯಬೇಕಿತ್ತು. ಮಲೆನಾಡಿನ ಮಟ್ಟಿಗೆ ಆಕಾಶವಾಣಿಯೆಂದರೆ 1965ರಲ್ಲಿ ಆರಂಭವಾದ ಭದ್ರಾವತಿ ನಿಲಯ. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರುಗಳಿಗೂ ಅದು ಗಮಕ, ಸುಗಮ ಸಂಗೀತ, ಯಕ್ಷಗಾನಗಳನ್ನು ಮುಟ್ಟಿಸಿತು. ಕ್ಯಾಸೆಟ್ ಬಂದ ಮೇಲೆ ಬೇಕೆಂದಾಗ, ಬೇಕಾದಷ್ಟು ಸಲ ಕೇಳುವಂತಾಯಿತು. ಒಂದೊಂದು ಪದವೂ ಬಾಯಿಪಾಠವಾದದ್ದು ಹಾಗೆ.

ಧಾಟಿ ಯಾರದೆಂಬ ಪ್ರಶ್ನೆ ಎಷ್ಟು ಗಂಭೀರವಾಗಬಹುದೆಂದು ನಾಡಗೀತೆ ತೋರಿಸಿತು. ಕುವೆಂಪು ಅವರ ಕವಿತೆ ನಾಡಗೀತೆಯಾದದ್ದು 2004ರಲ್ಲಿ. ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರದೋ ಎಂಬ ಚರ್ಚೆ ಹದಿನೆಂಟು ವರ್ಷ ನಡೆದು, 2022ರ ಆದೇಶ ಅನಂತಸ್ವಾಮಿಯವರ ಕಡೆಗಾಯಿತು. ಎರಡೂವರೆ ನಿಮಿಷದ ಅವಧಿ. ಆಲಾಪವಿಲ್ಲ, ಸಾಲುಗಳ ಪುನರಾವರ್ತನೆಯಿಲ್ಲ. ಆ ಕವಿತೆಯಲ್ಲಿ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಎಲ್ಲವೂ ಸಭೆಯ ಕಿವಿಗೆ ಮುಟ್ಟಬೇಕಾದರೆ ರಾಗ ತನ್ನ ಆಸೆಗಳನ್ನು ಹಿಡಿತದಲ್ಲಿಡಬೇಕು. ಸಭೆಯಲ್ಲಿ ಎಲ್ಲರೂ ಎದ್ದುನಿಂತು ಹಾಡುವ ಗೀತೆಗೆ ಈ ತೀರ್ಮಾನ ಸರಿಯಾದದ್ದೇ. ಅಶ್ವತ್ಥರ ಧಾಟಿಗೆ ಕಛೇರಿಯ ವೇದಿಕೆ ಯಾವತ್ತೂ ತೆರೆದಿದೆ.

‘ಕಾಂತಾರ’ದ ಸಂಗೀತದ ದಾರಿ ಬೇರೆ. ಅಜನೀಶ್ ಕರಾವಳಿಯ ಜನಪದ ದನಿಗಳನ್ನು, ಭೂತಾರಾಧನೆಯ ವಾದ್ಯಗಳನ್ನು ಇಂದಿನ ದೊಡ್ಡ ವಾದ್ಯಗೋಷ್ಠಿಯ ಜೊತೆ ಸೇರಿಸಿದರು. ಇಲ್ಲಿ ಮೊದಲು ಎದೆಗೆ ಬಡಿಯುವುದು ನಾದ, ಪದ ಆಮೇಲೆ. ‘ವರಾಹ ರೂಪಂ’ ಕುರಿತು ಕೇರಳದ ವಾದ್ಯತಂಡವೊಂದು ನ್ಯಾಯಾಲಯಕ್ಕೆ ಹೋದದ್ದರಿಂದ ಸ್ವಲ್ಪ ಕಾಲ ಆ ಹಾಡನ್ನು ಬೇರೆ ಧಾಟಿಯಲ್ಲಿ ಕೇಳಬೇಕಾಯಿತು. ಆ ಚರ್ಚೆಗಿಂತ ಹೆಚ್ಚಿನ ಗಮನ ಸಲ್ಲಬೇಕಾದದ್ದು ‘ಸಿಂಗಾರ ಸಿರಿಯೆ’ಗೆ. ಪ್ರಮೋದ್ ಮರವಂತೆ ಬರೆದ ಆ ಹಾಡಿನಲ್ಲಿ ವಿಜಯ್ ಪ್ರಕಾಶ್, ಅನನ್ಯ ಭಟ್ ಅವರ ಪಳಗಿದ ಕಂಠಗಳ ನಡುವೆ ಹಳ್ಳಿಯ ಹಾಡುಗಾರಿಕೆಯ ಒರಟು ದನಿ ಬಂದಾಗ ಹಾಡು ನೆಲಕ್ಕಿಳಿಯುತ್ತದೆ. ವರ್ಷದ ಸಿನಿಮಾ ಹಾಡುಗಳಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕಾದರೆ ಇದನ್ನು ಇಟ್ಟುಕೊಳ್ಳಬಹುದು.

ಸಿನಿಮಾ ಸಂಗೀತವನ್ನು ಕಾಪಾಡಲು ಕಂಪನಿಗಳಿವೆ. ಸುಬ್ಬಣ್ಣನವರ ಹಾಡುಗಳೂ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತವೆ. ಕಷ್ಟವಿರುವುದು ಗಮಕಕ್ಕೆ. ಅದರ ಧ್ವನಿಮುದ್ರಣ ಎಷ್ಟಿದ್ದರೂ ಕಲಿಯುವವರು ಎದುರು ಕುಳಿತು ತಿದ್ದಿಸಿಕೊಳ್ಳಬೇಕು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದು ಮುದ್ರಣ ಕೇಳಿ ತಿಳಿಯುವಂಥದ್ದಲ್ಲ. ಕನ್ನಡ ಪಠ್ಯಪುಸ್ತಕಗಳಲ್ಲಿ ಷಟ್ಪದಿಯ ಪಾಠ ಇದ್ದೇ ಇದೆ. ಅದನ್ನು ಪ್ರಸ್ತಾರ ಹಾಕುವುದಕ್ಕೆ ಮೊದಲು ಗಮಕಿಯೊಬ್ಬರ ಬಾಯಲ್ಲಿ ಮಕ್ಕಳಿಗೆ ಕೇಳಿಸಬೇಕು. ಹೊಸಹಳ್ಳಿ ಹತ್ತಿರವಿರುವ ಶಿವಮೊಗ್ಗ, ಭದ್ರಾವತಿಯ ಶಾಲೆಗಳಿಗೆ ಇದು ಕಷ್ಟದ ಕೆಲಸವಲ್ಲ. ಓದುಗರಲ್ಲಿ ಮೇಷ್ಟರುಗಳಿದ್ದರೆ ಬರುವ ಜೂನ್‌ನಲ್ಲಿ ಶಾಲೆ ತೆರೆದಾಗ ಒಂದು ಪಾಠವನ್ನಾದರೂ ಹೀಗೆ ಮಾಡಬೇಕೆಂದು ವಿನಂತಿ.